ಹಳಹಳಿಕೆ ಸಾಕು, ಏಣಿ ತನ್ನಿ

ವಿಜಯಪುರದ ಬಗ್ಗೆಯೋ ಬೀದರಿನ ಬಗ್ಗೆಯೋ ಬರೆಯಲು ಕೂರುವ ಬಹಳ ಜನರ ಬಳಿ ಒಂದು ಸಿದ್ಧ ಅಚ್ಚು ಇರುತ್ತದೆ. ಅದರಲ್ಲಿ ಮೊದಲು ಪಾರಿವಾಳಗಳು ಬರುತ್ತವೆ. ಆಮೇಲೆ ಪಾಚಿಗಟ್ಟಿದ ಗೋಡೆ, ಗುಮ್ಮಟದ ಬಿರುಕಿನಲ್ಲಿ ಚಿಗುರಿದ ಅರಳಿ ಸಸಿ, ಗೋರಿಯ ಮೇಲೆ ಬಿದ್ದ ಸಂಜೆಯ ಬಿಸಿಲು. ಕೊನೆಗೆ ಕಾಲದ ಮಹಿಮೆಯ ಬಗ್ಗೆ ಒಂದು ನಿಟ್ಟುಸಿರು: ಎಂಥೆಂಥ ಸುಲ್ತಾನರು ಆಳಿದ ಊರು, ಈಗ ನೋಡಿ ಹೇಗಾಗಿದೆ! ಭಾನುವಾರದ ಪುರವಣಿಗಳಲ್ಲಿ, ವಿಶೇಷಾಂಕಗಳಲ್ಲಿ, ಮುಶಾಯಿರಾಗಳಲ್ಲಿ, ಉತ್ಸವದ ವೇದಿಕೆಯ ಭಾಷಣಗಳಲ್ಲಿ ಈ ನಿಟ್ಟುಸಿರನ್ನು ಕೇಳಿ ಕೇಳಿ, ಇದೇ ಇತಿಹಾಸಪ್ರಜ್ಞೆ ಇರಬೇಕು ಎಂಬ ಭ್ರಮೆ ಹುಟ್ಟಿದೆ. ಇದು ಇತಿಹಾಸಪ್ರಜ್ಞೆಯಲ್ಲ, ಬರಿಯ ಹಳಹಳಿಕೆ. ಇದರಿಂದ ಆ ಕಟ್ಟಡಗಳಿಗೆ ಉಪಕಾರವೇನೂ ಆಗಿಲ್ಲ; ಅಪಕಾರವೇ ಆಗಿದೆ ಎಂಬುದು ನನ್ನ ವಾದ.

ಹೀಗೆ ಹೇಳಲು ಕಾರಣವಿದೆ. ಗುಮ್ಮಟದ ಬಿರುಕಿನ ಅರಳಿ ಸಸಿಯನ್ನು ಕಂಡು ಕವಿಯ ಮನಸ್ಸು ಕರಗುತ್ತದೆ. ಗಾರೆ ಕೆಲಸ ಬಲ್ಲವನಿಗೆ ಅದೇ ಸಸಿಯನ್ನು ಕಂಡರೆ ಎದೆ ಧಸಕ್ಕೆನ್ನುತ್ತದೆ. ಇನ್ನು ಕೆಲವು ಮಳೆಗಾಲ ಬಿಟ್ಟರೆ ಅದರ ಬೇರು ಕಲ್ಲನ್ನೇ ಜರುಗಿಸುತ್ತದೆ ಎಂದು ಅವನಿಗೆ ಗೊತ್ತು. ಅದು ಎಳೆಯದಿರುವಾಗ ಕೀಳಲು ಬೇಕಾದದ್ದು ಒಂದು ಏಣಿ, ಒಂದು ಹಗ್ಗ, ಒಬ್ಬ ಆಳಿನ ಅರ್ಧ ದಿನದ ಕೂಲಿ. ಆ ಅರ್ಧ ದಿನದ ಕೂಲಿಯನ್ನು ಕೊಡಬೇಕಾದವರು ಯಾರು, ಯಾಕೆ ಕೊಡಲಿಲ್ಲ, ಯಾವಾಗಿನಿಂದ ಕೊಡುತ್ತಿಲ್ಲ ಎಂದು ಕೇಳುವುದು ಇತಿಹಾಸದ ಪ್ರಶ್ನೆ. ಸಸಿಯನ್ನು ನೋಡಿ ಕಾಲದ ಲೀಲೆಯೆನ್ನುವುದು ಆ ಪ್ರಶ್ನೆಯಿಂದ ನುಣುಚಿಕೊಳ್ಳುವ ದಾರಿ. ಕಾಲಕ್ಕೆ ಕೈಯಿಲ್ಲ. ಅದರ ತಲೆಗೆ ತಪ್ಪು ಹೊರಿಸಿದರೆ ಯಾರೂ ಜವಾಬು ಕೊಡಬೇಕಾಗಿಲ್ಲ.

ಈ ರೀತಿಯ ನೋಟ ನಮಗೆ ಎಲ್ಲಿಂದ ಬಂತು ಎಂಬುದನ್ನೂ ನೋಡಬೇಕು. ವಿಜಯಪುರದ ಪಾಳು ಕಟ್ಟಡಗಳನ್ನು ಕ್ಯಾಮೆರಾದಲ್ಲಿ ಹಿಡಿದು 1866ರಲ್ಲಿ ಬ್ರಿಟಿಷರು ಒಂದು ಭಾರಿ ಪುಸ್ತಕ ತಂದರು. ಅದಕ್ಕೆ ಮೆಡೋಸ್ ಟೇಲರ್ ಚರಿತ್ರೆ ಬರೆದ, ಜೇಮ್ಸ್ ಫರ್ಗುಸನ್ ವಾಸ್ತುಶಿಲ್ಪದ ಬಗ್ಗೆ ಬರೆದ. ಅವರ ವಿದ್ವತ್ತನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಪಾಳುಬಿದ್ದದ್ದನ್ನೇ ಚೆಂದವೆಂದು ನೋಡುವ, ಹಿಂದೂಸ್ತಾನದ ವೈಭವವೆಲ್ಲ ಮುಗಿದುಹೋದದ್ದು ಎಂದು ತೋರಿಸುವ ರುಚಿ ಅಂಥ ಪುಸ್ತಕಗಳೊಂದಿಗೇ ಬಂತು. ಆಳುವವರಿಗೆ ಅದು ಅನುಕೂಲವೂ ಆಗಿತ್ತು. ಇತ್ತ ಪಾಳನ್ನು ಹೊಗಳುತ್ತಿದ್ದ ಆಡಳಿತವೇ ಅತ್ತ 1885ರಲ್ಲಿ ಜಿಲ್ಲಾ ಕೇಂದ್ರವನ್ನು ಕಲಾದಗಿಯಿಂದ ಇಲ್ಲಿಗೆ ತಂದಾಗ ಆದಿಲಶಾಹಿ ಅರಮನೆಗಳನ್ನು ಕಚೇರಿ ಮತ್ತು ಬಂಗಲೆ ಮಾಡಿಕೊಂಡಿತು. ಒಂದು ಮಸೀದಿ ಅಂಚೆ ಕಚೇರಿಯಾಯಿತು. ಅಸರ್ ಮಹಲಿನಲ್ಲಿದ್ದ ಹಸ್ತಪ್ರತಿಗಳು ಅದಕ್ಕೂ ಮೊದಲೇ, 19ನೇ ಶತಮಾನದ ನಡುವಿನಲ್ಲಿ, ಲಂಡನ್ನಿಗೆ ಹೋಗಿದ್ದವು. ಪುಸ್ತಕ ಹೋಯಿತು, ಕಪಾಟಿನ ಚಿತ್ರ ಉಳಿಯಿತು. ನಮ್ಮ ಇಂದಿನ ಪುರವಣಿ ಲೇಖನಗಳು ಆ ಚಿತ್ರದ ಹಳೇ ನೆರಳುಗಳು.

ಕಟ್ಟಡ ಸಾಯುವುದು ಹೇಗೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ದಖನ್ನಿನ ಈ ಕಟ್ಟಡಗಳು ಕಲ್ಲು ಮತ್ತು ಸುಣ್ಣದವು. ವಿಜಯಪುರದಲ್ಲಿ ಕಪ್ಪು ಕಲ್ಲು, ಬೀದರಿನಲ್ಲಿ ಕೆಂಪು ಜಂಬಿಟ್ಟಿಗೆ. ಸುಣ್ಣವನ್ನು ದಿನಗಟ್ಟಲೆ ನೆನೆಹಾಕಿ, ಎತ್ತಿನ ಗಾಣದಲ್ಲಿ ಮರಳಿನೊಂದಿಗೆ ಅರೆದು, ಬೆಲ್ಲದ ನೀರಿನಂಥ ಅಂಟುಗಳನ್ನು ಬೆರೆಸಿ ಮಾಡಿದ ಗಾರೆ ಶತಮಾನಗಟ್ಟಲೆ ಬಾಳುತ್ತದೆ. ಆದರೆ ಅದಕ್ಕೆ ಆರೈಕೆ ಬೇಕು. ಮಾಳಿಗೆಯ ನೀರು ಹೊರಹೋಗುವ ಕಿಂಡಿಯಲ್ಲಿ ಎಲೆ, ಹಕ್ಕಿಯ ಗೂಡು ಕಟ್ಟಿಕೊಂಡರೆ ನೀರು ಮೇಲೆ ನಿಲ್ಲುತ್ತದೆ. ನಿಂತ ನೀರು ಗಾರೆಯೊಳಗೆ ಇಳಿಯುತ್ತದೆ. ಹಕ್ಕಿಯ ಹಿಕ್ಕೆಯಲ್ಲಿ ಬಂದ ಅರಳಿ ಬೀಜ ಆ ಒದ್ದೆಯಲ್ಲಿ ಮೊಳೆಯುತ್ತದೆ. ಬೇರು ಬಿರುಕು ಮಾಡುತ್ತದೆ, ಬಿರುಕು ಇನ್ನಷ್ಟು ನೀರು ಕುಡಿಯುತ್ತದೆ. ಆಗ ಯಾರೋ ಬಂದು ಸಿಮೆಂಟು ಮೆತ್ತುತ್ತಾರೆ. ಸಿಮೆಂಟು ಒಳಗಿನ ತೇವವನ್ನು ಹೊರಬಿಡದು. ಉಪ್ಪು ಒಳಗೇ ಕಟ್ಟಿ ಪಕ್ಕದ ಹಳೇ ಗಾರೆಯನ್ನೂ ಉದುರಿಸುತ್ತದೆ. ಇದರಲ್ಲಿ ಯಾವ ರಹಸ್ಯವೂ ಇಲ್ಲ. ನಮ್ಮ ಸೀಮೆಯಲ್ಲಿ ಮಣ್ಣಿನ ಮಾಳಿಗೆಯ ಮನೆಯಲ್ಲಿ ಬದುಕಿದ ಅಜ್ಜಿಯರಿಗೆಲ್ಲ ಇದರ ಅರ್ಧ ಪಾಠ ಗೊತ್ತಿತ್ತು. ಮುಂಗಾರಿಗೆ ಮೊದಲು ಮಾಳಿಗೆ ಹತ್ತಿ ಮಣ್ಣು ಸರಿಮಾಡದ ಮನೆಯವರನ್ನು ಊರೇ ಆಡಿಕೊಳ್ಳುತ್ತಿತ್ತು.

ಹಳಹಳಿಕೆಯ ಬರಹಗಳಿಗೆ ಈ ನಿಧಾನದ ಸಾವು ರುಚಿಸುವುದಿಲ್ಲ. ಅವಕ್ಕೆ ದೊಡ್ಡ ದುರಂತ ಬೇಕು. ಬೀದರಿನ ಮಹಮೂದ್ ಗವಾನನ ಮದ್ರಸಾದ ಕತೆಯನ್ನೇ ನೋಡಿ. ಪರ್ಶಿಯಾದ ಗಿಲಾನಿನಿಂದ ಬಂದು ಬಹಮನಿ ರಾಜ್ಯದ ವಜೀರನಾದ ಗವಾನ್ 1472ರಲ್ಲಿ ಈ ವಿದ್ಯಾಲಯ ಕಟ್ಟಿಸಿದ. ಮೂರು ಅಂತಸ್ತು, ಬಣ್ಣದ ಹೆಂಚಿನ ಹೊದಿಕೆ, ಪಾಠದ ಕೋಣೆ, ಗ್ರಂಥಾಲಯ, ವಿದ್ಯಾರ್ಥಿಗಳಿಗೆ ವಸತಿ. 1481ರಲ್ಲಿ ಸುಳ್ಳು ಪತ್ರವೊಂದರ ಒಳಸಂಚಿಗೆ ಸಿಕ್ಕಿ ಗವಾನನ ತಲೆ ಹೋಯಿತು. ಮೊಗಲರ ಕಾಲದಲ್ಲಿ ಕಟ್ಟಡ ಸೈನ್ಯದ ವಶವಾಯಿತು. 1696ರಲ್ಲಿ ಸಿಡಿಲು ಬಡಿದು, ಒಳಗೆ ಕೂಡಿಟ್ಟಿದ್ದ ಮದ್ದು ಸ್ಫೋಟಿಸಿ ಒಂದು ಭಾಗ ಹಾರಿಹೋಯಿತು. ಲೇಖನಗಳೆಲ್ಲ ಇಲ್ಲಿಗೆ ಮುಗಿಯುತ್ತವೆ. ಆದರೆ 1696ರಿಂದ ಈಚೆಗೆ ಮುನ್ನೂರಕ್ಕೂ ಹೆಚ್ಚು ಮಳೆಗಾಲಗಳು ಆಗಿಹೋಗಿವೆ. ಆ ಒಂದು ಸ್ಫೋಟದಿಂದ ಪಾರಾಗಿ ನಿಂತದ್ದೂ ಕಡಿಮೆಯಲ್ಲ. ಅದರ ಮೇಲಿನ ಹೆಂಚು ಒಂದೊಂದಾಗಿ ಉದುರಿದ್ದು ಸಿಡಿಲಿನಿಂದಲ್ಲ. ಆ ಲೆಕ್ಕವನ್ನು ಯಾರು ಬರೆಯಬೇಕು?

ಬರೆದವರೊಬ್ಬರು ಇದ್ದರು. ಹೈದರಾಬಾದ್ ಸಂಸ್ಥಾನ 1914ರಲ್ಲಿ ಪುರಾತತ್ವ ಇಲಾಖೆ ತೆರೆದಾಗ ಅದರ ಮೊದಲ ನಿರ್ದೇಶಕರಾದ ಗುಲಾಮ್ ಯಜ್ದಾನಿ. ಬೀದರಿನ ಕೋಟೆ, ಗೋರಿ, ಮಸೀದಿ, ಬಾಗಿಲುಗಳನ್ನು ಅವರು ಒಂದೊಂದಾಗಿ ಅಳೆದರು, ನಕ್ಷೆ ತೆಗೆಸಿದರು, ಶಾಸನ ಓದಿದರು, ದುರಸ್ತಿ ಮಾಡಿಸಿದರು. ಎಲ್ಲವನ್ನೂ ಸೇರಿಸಿ 1947ರಲ್ಲಿ ಬೀದರಿನ ಬಗ್ಗೆ ಪುಸ್ತಕ ಪ್ರಕಟಿಸಿದರು. ಆ ಊರಿನ ಬಗ್ಗೆ ಇಂದಿಗೂ ಯಾರೇ ಬರೆದರೂ ಅದನ್ನು ಬಿಟ್ಟು ಬರೆಯುವಂತಿಲ್ಲ. ನಿಟ್ಟುಸಿರಿನ ಕವಿತೆಗಳು ನೂರು ಬಂದಿರಬಹುದು. ಗೋಡೆ ಎಷ್ಟು ದಪ್ಪ, ಎಲ್ಲಿ ಬಿರಿದಿದೆ ಎಂದು ಬರೆದಿಟ್ಟ ಈ ಒಬ್ಬ ಮನುಷ್ಯನಿಂದ ಬೀದರಿಗೆ ಹೆಚ್ಚು ಲಾಭವಾಗಿದೆ.

ಇನ್ನೊಂದು ಸಂಗತಿಯನ್ನು ಹಳಹಳಿಕೆ ಮರೆಸುತ್ತದೆ. ಹಿಂದೆ ಯಾವ ದೊಡ್ಡ ಕಟ್ಟಡವೂ ಒಂಟಿಯಾಗಿ ನಿಂತಿರಲಿಲ್ಲ. ಮಸೀದಿಗೆ, ದರ್ಗಾಕ್ಕೆ, ಗುಡಿಗೆ, ಮಠಕ್ಕೆ, ಬಾವಿಗೆ ಹೊಂದಿಕೊಂಡು ಭೂಮಿ ಇತ್ತು, ಅಂಗಡಿಗಳ ಬಾಡಿಗೆ ಇತ್ತು, ತೋಟ ಇತ್ತು. ದೀಪದ ಎಣ್ಣೆಗೆ ಇಷ್ಟು, ಕಸ ಗುಡಿಸುವವನಿಗೆ ಇಷ್ಟು, ಸುಣ್ಣಕ್ಕೆ ಇಷ್ಟು ಎಂದು ಅದರಿಂದ ನಡೆಯುತ್ತಿತ್ತು. ವಕ್ಫ್ ಎಂಬ ವ್ಯವಸ್ಥೆಯ ತಿರುಳೇ ಇದು. ಆಸ್ತಿಯನ್ನು ಯಾರೂ ಮಾರದಂತೆ ಕಟ್ಟಿಹಾಕಿ, ಅದರ ಆದಾಯವನ್ನು ಒಳ್ಳೆಯ ಕೆಲಸಕ್ಕೆ ಹರಿಸುವುದು. ಮುತವಲ್ಲಿ ಅದರ ಧಣಿಯಲ್ಲ, ಉಸ್ತುವಾರಿ ನೋಡುವವನು. ಅರಸೊತ್ತಿಗೆಗಳು ಉರುಳಿದಂತೆ ಈ ಆದಾಯಗಳೂ ಕೈತಪ್ಪಿದವು. ಹೈದರಾಬಾದ್ ಸಂಸ್ಥಾನದಲ್ಲಿ 1949ರಲ್ಲಿ ಜಾಗೀರುಗಳು ರದ್ದಾದವು, 1950ರ ದಶಕದಲ್ಲಿ ಇನಾಮು ರದ್ದತಿಯ ಕಾನೂನುಗಳು ಬಂದವು, 1974ರಲ್ಲಿ ದೇವರಾಜ ಅರಸರ ಕಾಲದ ಭೂಸುಧಾರಣೆ ಬಂತು. ಉಳುವವನಿಗೆ ಭೂಮಿ ಸಿಕ್ಕಿದ್ದು ನ್ಯಾಯವೇ. ಅದಕ್ಕಾಗಿ ಕಣ್ಣೀರಿಡುವವರ ಗುಂಪಿಗೆ ನಾನು ಸೇರುವುದಿಲ್ಲ. ತಪ್ಪಿದ್ದು ಬೇರೆ ಕಡೆ. ಭೂಮಿ ಹೋದ ಮೇಲೆ ಸುಣ್ಣದ ಖರ್ಚಿಗೆ ಏನು ದಾರಿ ಎಂದು ಯಾರೂ ಸರಿಯಾಗಿ ಯೋಚಿಸಲಿಲ್ಲ. ಹಳೇ ಮೈಸೂರಿನ ಗುಡಿಗಳಿಗೆ ಭೂಮಿಯ ಬದಲು ತಸ್ತೀಕು ಎಂಬ ವಾರ್ಷಿಕ ಹಣ ನಿಗದಿಯಾಯಿತು. ಸಣ್ಣ ಗುಡಿಯ ಅರ್ಚಕರನ್ನು ಕೇಳಿ ನೋಡಿ, ಅದರಲ್ಲಿ ಮಾಡು ಹೊದಿಸಲು ಸಾಧ್ಯವೇ ಎಂದು.

ಉಳಿದ ಆಸ್ತಿಯ ಗತಿಯೇನು? ಸಾಚಾರ್ ಸಮಿತಿ 2006ರಲ್ಲಿ ಲೆಕ್ಕ ಕೊಟ್ಟಿತು. ದೇಶದಲ್ಲಿ ನೋಂದಣಿಯಾದ ವಕ್ಫ್‌ಗಳು ಸುಮಾರು 4.9 ಲಕ್ಷ, ಅವುಗಳಿಂದ ವರ್ಷಕ್ಕೆ ಬರುತ್ತಿದ್ದದ್ದು ಸುಮಾರು 163 ಕೋಟಿ ರೂಪಾಯಿ, ಸರಿಯಾಗಿ ನಡೆಸಿದರೆ ಬರಬಹುದಾದದ್ದು 12,000 ಕೋಟಿ. ಈ ಎರಡು ಅಂಕೆಗಳ ನಡುವಿನ ಅಂತರದಲ್ಲಿ ಸರ್ಕಾರಿ ಕಚೇರಿಗಳ ಒತ್ತುವರಿಯೂ ಇದೆ, ಜುಜುಬಿ ಬಾಡಿಗೆಗೆ ಅಂಗಡಿ ಹಿಡಿದು ಕೂತ ಸಮುದಾಯದ ಸ್ಥಿತಿವಂತರೂ ಇದ್ದಾರೆ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಡುವುದು ಅಪ್ರಾಮಾಣಿಕತೆ. ಮಸೀದಿಯ ಮಳಿಗೆಗೆ ಅಪ್ಪನ ಕಾಲದ ಬಾಡಿಗೆ ಕೊಡುತ್ತಾ, ಅದೇ ಮಸೀದಿಯ ಗೋಡೆ ಬಿರಿದದ್ದಕ್ಕೆ ದಖನ್ನಿನ ಗತವೈಭವವನ್ನು ನೆನೆದು ಶೇರ್ ಹೇಳುವವರನ್ನು ಏನೆಂದು ಕರೆಯೋಣ?

ಹೀಗೆ ಚಾಕರಿಗೆ ಜನವಿಲ್ಲದ ಕಟ್ಟಡಗಳಿಗೆ ಒಡೆತನದ ಜಗಳ ಬಂದಾಗ ಮಾತ್ರ ಜನ ನೆರೆಯುತ್ತಾರೆ. 2022ರ ಅಕ್ಟೋಬರಿನಲ್ಲಿ ದಸರೆಯ ಮೆರವಣಿಗೆಯಲ್ಲಿದ್ದ ಕೆಲವರು ಗವಾನನ ಮದ್ರಸಾದ ಆವರಣ ಹೊಕ್ಕು ಪೂಜೆ ಮಾಡಿದಾಗ ಆ ಕಟ್ಟಡ ದೇಶದ ಸುದ್ದಿಯಾಯಿತು. ಪ್ರತಿಭಟನೆ, ಮೊಕದ್ದಮೆ, ಟೀವಿ ಚರ್ಚೆ ಎಲ್ಲ ಆಯಿತು. ಆ ನುಗ್ಗುವಿಕೆಯನ್ನು ಯಾರೂ ಸಮರ್ಥಿಸಲಾಗದು. ಆದರೆ ಅದೇ ಕಟ್ಟಡದ ಹೆಂಚು ಉದುರುವುದು ಯಾವ ವರ್ಷವೂ ಸುದ್ದಿಯಾಗಿರಲಿಲ್ಲ. 2024ರಲ್ಲಿ ಗೋಲಗುಮ್ಮಟ, ಇಬ್ರಾಹಿಂ ರೋಜಾ ಸೇರಿದಂತೆ ಹಲವು ಸ್ಮಾರಕಗಳ ಮೇಲೆ ವಕ್ಫ್ ಮಂಡಳಿಯ ಹಕ್ಕಿನ ದಾಖಲೆಯಿದೆ ಎಂಬ ಸುದ್ದಿ ಬಂದಾಗಲೂ ಹೀಗೆಯೇ. ಒಂದು ಕಡೆಯವರು ನಮ್ಮದು ಎಂದರು, ಇನ್ನೊಂದು ಕಡೆಯವರು ದೇಶದ್ದು ಎಂದರು. 2025ರ ವಕ್ಫ್ ತಿದ್ದುಪಡಿ ಕಾಯಿದೆ, ಸಂರಕ್ಷಿತ ಸ್ಮಾರಕವನ್ನು ವಕ್ಫ್ ಎಂದು ಮಾಡಿದ ಘೋಷಣೆ ಊರ್ಜಿತವಲ್ಲ ಎಂದಿತು. ಕಾಯಿದೆಯ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಯಿತು. ಈ ಎಲ್ಲ ಗದ್ದಲದಲ್ಲಿ ಗುಮ್ಮಟದ ಮಾಳಿಗೆಯ ಕಿಂಡಿ ಸ್ವಚ್ಛವಾಗಿದೆಯೇ ಎಂದು ಕೇಳಿದವರು ಎಷ್ಟು ಮಂದಿ? ಸತ್ತ ಸುಲ್ತಾನನಿಗೆ ವಾರಸುದಾರರು ಬಹಳ. ಅವನ ಗೋರಿಗೆ ಕಸಬರಿಗೆ ಹಿಡಿಯುವವರು ಇಲ್ಲ.

ದೇಶದ್ದು ಎಂದವರ ಲೆಕ್ಕವನ್ನೂ ನೋಡೋಣ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಕೈಯಲ್ಲಿರುವ 3,693 ಸ್ಮಾರಕಗಳಲ್ಲಿ 50 ಪತ್ತೆಯೇ ಇಲ್ಲ ಎಂದು 2022ರ ಡಿಸೆಂಬರಿನಲ್ಲಿ ಸಂಸತ್ತಿನ ಸ್ಥಾಯಿ ಸಮಿತಿಯ ವರದಿ ಹೇಳಿತು. ಸುಮಾರು 7,000 ಕಾವಲುಗಾರರು ಬೇಕಿದ್ದ ಕಡೆ ಇದ್ದವರು 2,578 ಮಂದಿ, ಅದೂ 248 ಸ್ಥಳಗಳಲ್ಲಿ. ಅಂದರೆ ಬಹುಪಾಲು ಸ್ಮಾರಕಗಳಿಗಿದ್ದ ರಕ್ಷಣೆ ಕಾನೂನಿನ ಎಚ್ಚರಿಕೆ ಬರೆದ ಒಂದು ನೀಲಿ ಹಲಗೆ ಮಾತ್ರ. ಹಲಗೆಗೂ ತುಕ್ಕು ಹಿಡಿಯುತ್ತದೆ.

ಇಲ್ಲೊಂದು ಆಕ್ಷೇಪ ಏಳುತ್ತದೆ. ಹೊರಗಿನಿಂದ ಬಂದ ಸುಲ್ತಾನರ ಗೋರಿಗಳು ಬಿದ್ದರೆ ಬೀಳಲಿ, ನಮಗೇನು ಎನ್ನುವವರಿದ್ದಾರೆ. ಅವರಿಗೆ ಎರಡು ಮಾತು. ಆ ಕಲ್ಲು ಕಡಿದವರು, ಸುಣ್ಣ ಸುಟ್ಟವರು, ಗಾರೆ ಅರೆದವರು, ಮಣ್ಣು ಹೊತ್ತವರು ಈ ನೆಲದವರೇ. ಸುಮಾರು 44 ಮೀಟರ್ ಅಗಲದ ಗೋಲಗುಮ್ಮಟವನ್ನು ನಡುವೆ ಒಂದು ಕಂಬವೂ ಇಲ್ಲದೆ ನಿಲ್ಲಿಸಿದ್ದು ಆದಿಲಶಾಹಿಯ ಖಜಾನೆ ಮಾತ್ರವಲ್ಲ, ಇಲ್ಲಿನ ಕಸಬುದಾರರ ತಲೆ ಮತ್ತು ಕೈ. ಸರಸ್ವತಿಯನ್ನು ನೆನೆದು ದಖನಿಯಲ್ಲಿ ಸಂಗೀತದ ಕೃತಿ ಬರೆದ ಇಬ್ರಾಹಿಂ ಆದಿಲಶಹನನ್ನು ಪರಕೀಯ ಎನ್ನುವವರು ಸ್ವಕೀಯರ ಪಟ್ಟಿಯಲ್ಲಿ ಯಾರನ್ನು ಉಳಿಸಿಕೊಳ್ಳುತ್ತಾರೋ ತಿಳಿಯದು. ಎರಡನೆಯದು, ಉದಾಸೀನ ಜಾತಿ ಧರ್ಮ ನೋಡುವುದಿಲ್ಲ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡ 1892ರದ್ದು, ಅರಸರ ಊರಿನ ನಟ್ಟನಡುವಿನದು. ಕೆಳಗೆ ಹಳೇ ಪುಸ್ತಕದ ಅಂಗಡಿಗಳಿದ್ದ ಆ ಸಾಲು ಎಷ್ಟು ಜನರ ಹಳಹಳಿಕೆಗೆ ವಸ್ತುವಾಗಿತ್ತು! 2012ರ ಆಗಸ್ಟಿನಲ್ಲಿ ಅದರ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟಿನಲ್ಲಿ ಅದೇ ಊರಿನ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಕೆಡವಬೇಕೋ ದುರಸ್ತಿ ಮಾಡಬೇಕೋ ಎಂಬ ವಾದ ಕೋರ್ಟು ಹತ್ತಿ ವರ್ಷಗಟ್ಟಲೆ ನಡೆಯಿತು. ಸತ್ತ ನಾಲ್ವರಿಗೆ ಪರಂಪರೆಯ ವೈಭವದಿಂದ ಏನೂ ದಕ್ಕಲಿಲ್ಲ. ಹಳೇ ಕಟ್ಟಡವನ್ನು ಪ್ರೀತಿಸುತ್ತೇನೆ ಎನ್ನುವವರು ಅದರ ಕೆಳಗೆ ನಿಂತು ವ್ಯಾಪಾರ ಮಾಡುವವನ ತಲೆಯ ಬಗ್ಗೆಯೂ ಯೋಚಿಸಬೇಕು.

ಈ ಕೆಳಗೆ ನಿಂತವರ ಪ್ರಶ್ನೆ ದೊಡ್ಡದು. ವಿಜಯಪುರದಲ್ಲಿ ಗೋರಿ, ಕಮಾನು, ಮಹಲುಗಳಿಗೆ ಅಂಟಿಕೊಂಡೇ ಬಡವರ ಮನೆಗಳಿವೆ. ಫೋಟೋ ತೆಗೆಯಲು ಬಂದವರಿಗೆ ಅವು ಚೌಕಟ್ಟು ಕೆಡಿಸುವ ಒತ್ತುವರಿ. 2010ರ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಸ್ಮಾರಕದಿಂದ 100 ಮೀಟರಿನೊಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆಯ 200 ಮೀಟರಿನಲ್ಲೂ ಅನುಮತಿ ಬೇಕು. ಇದ್ದ ಮನೆಯ ದುರಸ್ತಿಗೂ ಅರ್ಜಿ ಹಾಕಿ ಕಾಯಬೇಕು. ನಿಯಮದ ಉದ್ದೇಶ ಒಳ್ಳೆಯದೇ. ಆದರೆ ಮನೆಯ ಮಾಡು ಸೋರುವಾಗ ಕಾಗದ ಹಿಡಿದು ಅಲೆಯುವವನಿಗೆ ಆ ಗೋರಿ ಹೆಮ್ಮೆಯಾಗುವುದೋ ಶತ್ರುವಾಗುವುದೋ? ಸ್ಮಾರಕದ ನೆರಳಿನಲ್ಲಿ ಬದುಕುವವರನ್ನು ಅದರ ಕಾವಲುಗಾರರನ್ನಾಗಿ, ಕೂಲಿ ಪಡೆಯುವ ಕೆಲಸಗಾರರನ್ನಾಗಿ ಮಾಡಿಕೊಳ್ಳುವ ಬದಲು ಆಪಾದಿತರನ್ನಾಗಿ ಮಾಡಿದ್ದು ನಮ್ಮ ಸಂರಕ್ಷಣೆಯ ದೊಡ್ಡ ಸೋಲು.

ಬೇರೆ ದಾರಿ ಇದೆಯೇ ಎಂದರೆ, ಇದೆ. ಅದನ್ನು ನೀರು ತೋರಿಸಿಕೊಟ್ಟಿದೆ. ಆದಿಲಶಾಹಿಯವರು ಬರದ ಸೀಮೆಯಲ್ಲಿ ದೊಡ್ಡ ನಗರ ಕಟ್ಟಿದ್ದು ನೀರಿನ ಲೆಕ್ಕ ಹಾಕಿಯೇ. ತೊರವಿಯ ಸುರಂಗ, ಬೇಗಂ ತಲಾಬ್, ನೆಲದಡಿಯ ಮಣ್ಣಿನ ಕೊಳವೆ, ಬೀದಿಗಳ ಗಂಜ್‌ಗಳು, ಓಣಿ ಓಣಿಯ ಬಾವಡಿಗಳು. 1620ರ ತಾಜ್ ಬಾವಡಿಯೂ ಸೇರಿ ಇವುಗಳಲ್ಲಿ ಎಷ್ಟೋ ಕಸದ ಗುಂಡಿಗಳಾಗಿದ್ದವು. ಅವುಗಳ ಬಗ್ಗೆಯೂ ಹಳಹಳಿಕೆಯ ಲೇಖನಗಳು ಬಂದಿದ್ದವು. ಒಂದು ಬುಟ್ಟಿ ಹೂಳೂ ಮೇಲೆ ಬಂದಿರಲಿಲ್ಲ. ಬರ ಕಾಡಿದ ಮೇಲೆ 2016–17ರ ಸುಮಾರಿಗೆ ಹಲವು ಬಾವಡಿಗಳ ಹೂಳು ತೆಗೆಸಲಾಯಿತು, ನೀರು ಕಂಡಿತು. ಬೀದರಿನ ನೌಬಾದಿನಲ್ಲಿ ಬಹಮನಿ ಕಾಲದ ಕಾರೇಜ್ ಎಂಬ ನೆಲದಡಿಯ ಜಲಸುರಂಗವನ್ನೂ ಅದೇ ದಶಕದಲ್ಲಿ ಹುಡುಕಿ, ಅಳೆದು, ಮಣ್ಣು ತೆಗೆದರು. ನೆನಪಿನ ಸುಖಕ್ಕಾಗಿ ಯಾರೂ ಇಳಿಯದಿದ್ದ ಬಾವಿಗೆ ಬಾಯಾರಿಕೆ ಜನರನ್ನು ಇಳಿಸಿತು. ಬಳಕೆಯಲ್ಲಿರುವ ಕಟ್ಟಡವನ್ನು ಮಾತ್ರ ಜನ ಕಾಯುತ್ತಾರೆ. ಗೋಲಗುಮ್ಮಟದ ಎದುರಿನ ನಗಾರಿಖಾನೆ 1892ರಲ್ಲಿ ವಸ್ತುಸಂಗ್ರಹಾಲಯವಾದದ್ದರಿಂದಲೇ ಅದರ ಮಾಡಿನ ಮೇಲೆ ಯಾರದೋ ಒಂದು ಕಣ್ಣು ಇತ್ತು.

ಬಳಕೆ ಎಂದಾಕ್ಷಣ ಇನ್ನೊಂದು ಅಪಾಯವೂ ಎದುರಾಗುತ್ತದೆ. ನಮ್ಮಲ್ಲಿ ಮಸೀದಿ ಕಮಿಟಿಗಳಿಗೆ ಹಣ ಬಂದೊಡನೆ ಹಳೇ ಗೋಡೆಗೆ ಬಚ್ಚಲುಮನೆಯ ಟೈಲ್ಸ್ ಬಡಿಯುವ, ಗಾರೆಯ ಕಮಾನಿಗೆ ಎಣ್ಣೆಬಣ್ಣ ಬಳಿಯುವ ಹುಮ್ಮಸ್ಸು. ಕರಾವಳಿಯಲ್ಲಿ ಹಂಚಿನ ಮಾಡು, ಮರದ ಕಂಬಗಳ ಎಷ್ಟು ಮಸೀದಿಗಳು ಕಾಂಕ್ರೀಟ್ ಗುಮ್ಮಟಕ್ಕೆ ಜಾಗ ಬಿಟ್ಟುಕೊಟ್ಟವು! ಊರಿನ ಬಡಗಿ ಊರಿನ ಮಳೆಯನ್ನು ತಿಳಿದು ಕಟ್ಟಿದ್ದನ್ನು ಕೆಡವಿ, ಎಲ್ಲಿಯದೋ ಕ್ಯಾಲೆಂಡರಿನ ಚಿತ್ರ ನೋಡಿ ಕಟ್ಟಿದ್ದು ಸೋರುತ್ತದೆ. ಗುಡಿಗಳಲ್ಲೂ ಜೀರ್ಣೋದ್ಧಾರದ ಹೆಸರಿನಲ್ಲಿ ಇದೇ ನಡೆದಿದೆ. ಹಳೇ ಕಲ್ಲಿಗೆ ಗ್ರಾನೈಟು, ಬಣ್ಣದ ಗೋಪುರ. ಕೆಡವಿದ ಮೇಲೆ ಹಳೇ ಮಸೀದಿಯ, ಹಳೇ ಗುಡಿಯ ಫೋಟೋಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತೇವೆ. ಕೊಂದವರೇ ತಿಥಿ ಮಾಡಿದ ಹಾಗೆ.

ಹಾಗಾದರೆ ಮಾಡಬೇಕಾದದ್ದೇನು? ಸಂರಕ್ಷಿತ ಸ್ಮಾರಕಗಳ ಮೇಲೆ ನಾವು ಕೈಯಾಡಿಸುವಂತಿಲ್ಲ, ಆಡಿಸಲೂಬಾರದು. ಅಲ್ಲಿ ನಮ್ಮ ಕೆಲಸ ಕೇಳುವುದು. ಮಾಹಿತಿ ಹಕ್ಕಿನ ಕಾಯಿದೆ 2005ರಿಂದ ಇದೆ. ಈ ಸ್ಮಾರಕಕ್ಕೆ ಕಳೆದ ಐದು ವರ್ಷ ಖರ್ಚಾದದ್ದೆಷ್ಟು, ಕಾವಲಿಗೆ ಎಷ್ಟು ಜನ, ಸುಣ್ಣದ ಕೆಲಸ ಬಲ್ಲವರು ಎಷ್ಟು ಎಂದು ಊರಿನ ಒಬ್ಬ ಮೇಷ್ಟರು ವರ್ಷಕ್ಕೊಂದು ಅರ್ಜಿ ಹಾಕಿದರೂ ಕಚೇರಿ ಎಚ್ಚರವಾಗಿರುತ್ತದೆ. ಆದರೆ ಯಾವ ಪಟ್ಟಿಗೂ ಸೇರದ ಕಟ್ಟಡಗಳೇ ಹೆಚ್ಚು: ಓಣಿಯ ಮಸೀದಿ, ಹೊಲದ ನಡುವಿನ ಗೋರಿ, ಹನುಮಪ್ಪನ ಗುಡಿ, ಅಗಸೆ, ಬಾವಿ, ಹಳೇ ಶಾಲೆ. ಅವುಗಳಿಗೆ ದಿಲ್ಲಿಯಿಂದ ಯಾರೂ ಬರುವುದಿಲ್ಲ. ಜಮಾಅತ್ ಕಮಿಟಿಗಳು ವರ್ಷದ ಲೆಕ್ಕದಲ್ಲಿ ದುರಸ್ತಿಗೆ ಬೇರೆ ಕಲಮು ಇಡಲಿ, ಮಳಿಗೆಗಳ ಬಾಡಿಗೆಯನ್ನು ಇಂದಿನ ದರಕ್ಕೆ ತಂದು ಆ ಲೆಕ್ಕವನ್ನು ಶುಕ್ರವಾರ ಎಲ್ಲರೆದುರು ಓದಲಿ. ಗುಡಿಯ ಟ್ರಸ್ಟುಗಳಿಗೂ ಇದೇ ಮಾತು. ಸುಣ್ಣದ ಕೆಲಸ ಬಲ್ಲ ಹಿರಿಯ ಗೌಂಡಿಗಳು ಇನ್ನೂ ಕೆಲವರಿದ್ದಾರೆ. ಅವರ ಕೈಯ ಕಸಬನ್ನು ಕಲಿಯುವ ಹುಡುಗರಿಗೆ ಸಂಬಳ ಕೊಡುವುದು ಹತ್ತು ಉತ್ಸವಗಳಿಗಿಂತ ಮೇಲು. ಜಿಲ್ಲಾ ಉತ್ಸವಗಳ ಒಂದು ರಾತ್ರಿಯ ದೀಪಾಲಂಕಾರದ ಹಣದಲ್ಲಿ ಎಷ್ಟು ಮಾಳಿಗೆಗಳು ಸರಿಯಾಗಬಹುದು ಎಂದು ಒಮ್ಮೆಯಾದರೂ ಲೆಕ್ಕ ಹಾಕಿ ನೋಡಬೇಕು.

ನೆನಪು ಬೇಡವೆಂದು ನಾನು ಹೇಳುತ್ತಿಲ್ಲ. ನೆನಪಿಲ್ಲದವರು ಯಾವುದನ್ನೂ ಕಾಯಲಾರರು. ಆದರೆ ಕೆಲಸಕ್ಕೆ ಹಚ್ಚದ ನೆನಪು ಹಾಸಿಗೆ ಹಿಡಿದ ತಾಯಿಯ ಪಕ್ಕ ಕೂತು ಅವಳ ಯೌವನದ ಚೆಲುವನ್ನು ಹಾಡುತ್ತಾ ಔಷಧಿ ತರದ ಮಗನ ಪ್ರೀತಿಯಂಥದು. ಈ ಕಟ್ಟಡಗಳು ನಮ್ಮ ಕೈಗೆ ಬಂದಿರುವುದು ಅಮಾನತ್ತಾಗಿ. ಅಮಾನತ್ತನ್ನು ಇಟ್ಟುಕೊಂಡವನು ಅದರ ಅಂದವನ್ನು ಹೊಗಳಿದರೆ ಸಾಲದು, ಕೆಡದಂತೆ ನೋಡಿಕೊಂಡು ಮುಂದಿನವರಿಗೆ ಒಪ್ಪಿಸಬೇಕು. ಮುಂಗಾರಿಗೆ ಮೊದಲು ಯಾರ ಯಾರ ಓಣಿಯಲ್ಲಿ ಯಾವ ಯಾವ ಮಾಳಿಗೆಯ ಮೇಲೆ ಅರಳಿ ಸಸಿ ಎದ್ದಿದೆ ಎಂದು ಒಂದು ಪಟ್ಟಿ ಮಾಡೋಣ. ಗೋರಿಯದೋ ಗುಡಿಯದೋ ಎಂದು ಆ ಪಟ್ಟಿಯಲ್ಲಿ ಬೇರೆ ಕಾಲಮು ಬೇಡ. ಅನುಮತಿ ಬೇಕಾದಲ್ಲಿ ಅರ್ಜಿ ಬರೆಯೋಣ, ಬೇಡವಾದಲ್ಲಿ ಏಣಿ ಒರಗಿಸೋಣ.